ಜಾಟೊಪೆಕ್ ಅವರ 400 ಮೀಟರ್ ಇಂಟರ್ವಲ್: ನಮ್ಮ ಮಟ್ಟಕ್ಕೆ ಇಳಿಸಿಕೊಳ್ಳುವ ಬಗೆ

1952ರ ಹೆಲ್ಸಿಂಕಿ ಒಲಿಂಪಿಕ್ಸ್. ಜುಲೈ 20ರಂದು 10,000 ಮೀಟರ್, 24ರಂದು 5,000 ಮೀಟರ್, 27ರಂದು ಮ್ಯಾರಥಾನ್. ಮೂರಕ್ಕೂ ಚಿನ್ನ ಗೆದ್ದವರು ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್. ಮ್ಯಾರಥಾನನ್ನಂತೂ ಅವರು ಓಡಿದ್ದು ಅದೇ ಮೊದಲ ಸಲ. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಅವರ ಮೊದಲೂ ಇರಲಿಲ್ಲ, ಆಮೇಲೂ ಬಂದಿಲ್ಲ.

ಅವರ ಹೆಸರು ಬಂದಾಗಲೆಲ್ಲ ಇನ್ನೊಂದು ಸಂಖ್ಯೆಯೂ ಬರುತ್ತದೆ: ದಿನಕ್ಕೆ ನೂರು ಸಲ 400 ಮೀಟರ್. ಬೆಳಿಗ್ಗೆ ಐವತ್ತು, ಸಂಜೆ ಐವತ್ತು. ಹೀಗೆ ವೇಗದ ತುಂಡು ಓಟಗಳ ನಡುವೆ ನಿಧಾನದ ಜಾಗಿಂಗ್ ಇಟ್ಟು ಓಡುವುದೇ ಇಂಟರ್ವಲ್ ತರಬೇತಿ. ಇದನ್ನು ಓದಿದ ಹುರುಪಿನಲ್ಲಿ ಮೈದಾನಕ್ಕೆ ಹೋಗಿ ಇಪ್ಪತ್ತು ಸುತ್ತು ಓಡಿ, ಎರಡು ವಾರಕ್ಕೆ ಕಾಲು ನೋಯಿಸಿಕೊಂಡು ಕೂರುವವರು ಬಹಳ. ಜಾಟೊಪೆಕ್ ಅವರಿಂದ ಕಲಿಯಬೇಕಾದದ್ದು ಆ ಸಂಖ್ಯೆಯನ್ನಲ್ಲ, ಅಲ್ಲಿಗೆ ಅವರು ಮುಟ್ಟಿದ ಕ್ರಮವನ್ನು. ವಾರಕ್ಕೆ 30ರಿಂದ 50 ಕಿಲೋಮೀಟರ್ ಓಡುವವರು ಆ ಕ್ರಮವನ್ನು ಹೇಗೆ ಅಳವಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ.

ಮೊದಲು ವರ್ಷಗಳ ಲೆಕ್ಕ

ಜಾಟೊಪೆಕ್ ಹುಟ್ಟಿದ್ದು 1922ರ ಸೆಪ್ಟೆಂಬರ್ 19ರಂದು, ಮೊರಾವಿಯಾದ ಕೊಪ್ರಿವ್ನಿಟ್ಸೆಯಲ್ಲಿ. ಹದಿಹರೆಯದಲ್ಲೇ ಜ್ಲೀನ್ ಪಟ್ಟಣದ ಬಾಟಾ ಶೂ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. 1941ರಲ್ಲಿ ಕಾರ್ಖಾನೆಯವರು ಒತ್ತಾಯ ಮಾಡಿ ಒಂದು ಓಟಕ್ಕೆ ನಿಲ್ಲಿಸಿದರು. ನನಗೆ ಮೈಯಲ್ಲಿ ಶಕ್ತಿಯಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದ ಹುಡುಗ ಸುಮಾರು ನೂರು ಜನರಲ್ಲಿ ಎರಡನೆಯವನಾಗಿ ಬಂದ. 1944ರ ಹೊತ್ತಿಗೆ 2,000, 3,000 ಮತ್ತು 5,000 ಮೀಟರ್‌ನಲ್ಲಿ ರಾಷ್ಟ್ರೀಯ ದಾಖಲೆಗಳು ಅವರದಾದವು. 1946ರಲ್ಲಿ ಓಸ್ಲೊದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 5,000 ಮೀಟರ್‌ನಲ್ಲಿ ಐದನೇ ಸ್ಥಾನ. 1948ರ ಲಂಡನ್ ಒಲಿಂಪಿಕ್ಸ್‌ನ 10,000 ಮೀಟರ್‌ನಲ್ಲಿ 29:59.6ರೊಂದಿಗೆ ಚಿನ್ನ. 1951ರಲ್ಲಿ ಒಂದು ಗಂಟೆಯಲ್ಲಿ 20 ಕಿಲೋಮೀಟರ್ ದಾಟಿದ ಮೊದಲಿಗರಾದರು, ಓಡಿದ ದೂರ 20,052 ಮೀಟರ್. 1954ರ ಜೂನ್ 1ರಂದು ಬ್ರಸೆಲ್ಸ್‌ನಲ್ಲಿ 10,000 ಮೀಟರನ್ನು 28:54.2ಕ್ಕೆ ಮುಗಿಸಿ 29 ನಿಮಿಷದ ಗೋಡೆ ಒಡೆದರು.

ಈ ವರ್ಷಗಳ ಪಕ್ಕದಲ್ಲಿ ತರಬೇತಿಯನ್ನು ಇಟ್ಟು ನೋಡಿ. ಆರಂಭದ ವರ್ಷಗಳಲ್ಲಿ ಅವರ ಹೆಸರಾಂತ ಕ್ರಮ 5-20-5: ಐದು ಸಲ 200 ಮೀಟರ್, ಇಪ್ಪತ್ತು ಸಲ 400 ಮೀಟರ್, ಮತ್ತೆ ಐದು ಸಲ 200 ಮೀಟರ್, ನಡುನಡುವೆ 200 ಮೀಟರ್ ಜಾಗಿಂಗ್. ವೇಗದ ಭಾಗವೇ 10 ಕಿಲೋಮೀಟರ್, ಜಾಗಿಂಗ್ ಸೇರಿದರೆ ಸುಮಾರು 16. ಆಮೇಲೆ 400ಗಳ ಸಂಖ್ಯೆ ನಲವತ್ತಕ್ಕೆ ಏರಿತು. ನೂರಕ್ಕೆ ಮುಟ್ಟಿದ್ದು 1950ರ ದಶಕದಲ್ಲಿ, ಮೊದಲ ಓಟ ಓಡಿ ಹತ್ತು ವರ್ಷ ಕಳೆದ ಮೇಲೆ. ದಿನಕ್ಕೆ 40 ಕಿಲೋಮೀಟರ್ ವೇಗದ ಓಟವನ್ನು ತಡೆದುಕೊಳ್ಳುವ ಮೂಳೆ, ಸ್ನಾಯುರಜ್ಜು ಅಷ್ಟು ವರ್ಷಗಳಲ್ಲಿ ತಯಾರಾಗಿದ್ದವು. ಹೃದಯ, ಶ್ವಾಸಕೋಶಗಳು ಆರೆಂಟು ವಾರದಲ್ಲೇ ಹೊಸ ಹೊರೆಗೆ ಒಗ್ಗಿಕೊಳ್ಳಲು ಶುರುಮಾಡುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಹೊಸಬರ ಹೆಚ್ಚಿನ ಗಾಯಗಳು ಈ ಅಂತರದಲ್ಲೇ ಹುಟ್ಟುತ್ತವೆ: ಉಸಿರು ಸಾಕಾಗುತ್ತದೆ, ಕಾಲು ಸಾಲುವುದಿಲ್ಲ.

ಯಾರು ಶುರು ಮಾಡಬಹುದು

ಕಳೆದ ಆರು ತಿಂಗಳು ವಾರಕ್ಕೆ ಕನಿಷ್ಠ ನಾಲ್ಕು ದಿನ ತಪ್ಪದೆ ಓಡಿರಬೇಕು. 45 ನಿಮಿಷ ನಿಲ್ಲದೆ, ಮಾತಾಡಿಕೊಂಡು ಓಡುವಷ್ಟು ಸಲೀಸಿರಬೇಕು. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹಿಮ್ಮಡಿ, ಮೀನಖಂಡ, ಮೊಣಕಾಲುಗಳಲ್ಲಿ ನೋವಿರಬಾರದು. ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು, ಬಹುಕಾಲದ ಮೇಲೆ ಓಟಕ್ಕೆ ಮರಳುತ್ತಿರುವವರು ವೈದ್ಯರನ್ನು ಕಂಡ ಮೇಲೆಯೇ ವೇಗದ ಓಟಕ್ಕೆ ಇಳಿಯಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ವೇಗ ಲೆಕ್ಕ ಹಾಕುವುದು

ಎಲ್ಲರೂ ಎಡವುವುದು ಇಲ್ಲೇ. 400 ಮೀಟರ್ ಎಂದ ತಕ್ಷಣ ಆದಷ್ಟು ಜೋರಾಗಿ ಓಡಬೇಕು ಎಂದುಕೊಳ್ಳುತ್ತಾರೆ. ಹೆಲ್ಸಿಂಕಿಯಲ್ಲಿ ಜಾಟೊಪೆಕ್ 10,000 ಮೀಟರ್ ಮುಗಿಸಿದ್ದು 29:17.0ಕ್ಕೆ, ಎಂದರೆ ಸುತ್ತಿಗೆ ಸರಾಸರಿ 70.3 ಸೆಕೆಂಡು. 5,000 ಮೀಟರ್ 14:06.6ಕ್ಕೆ, ಸುತ್ತಿಗೆ 67.7 ಸೆಕೆಂಡು. ಅದೇ 5,000ದ ಕೊನೆಯ ಸುತ್ತನ್ನು ಅವರು 58 ಸೆಕೆಂಡಿಗೂ ಕಡಿಮೆಯಲ್ಲಿ ಓಡಿದರು. ಒಂದೇ ಸುತ್ತು ಎಂದರೆ ಅಷ್ಟು ವೇಗ ಅವರ ಕಾಲಲ್ಲಿತ್ತು. ಆದರೆ ಆ ವೇಗದಲ್ಲಿ ನಲವತ್ತು ಸುತ್ತು ಯಾರಿಂದಲೂ ಆಗದು. ಅವರ ತರಬೇತಿ ನಿಂತದ್ದು ಮತ್ತೆ ಮತ್ತೆ ಓಡಬಲ್ಲ ವೇಗದ ಮೇಲೆ. 400ರ ಇಂಟರ್ವಲ್‌ನ ಗುಟ್ಟೆಲ್ಲ ಇಷ್ಟೇ: ಕೊನೆಯದನ್ನೂ ಮೊದಲನೆಯದರ ಹಾಗೆ ಓಡಬೇಕು.

ನಿಮ್ಮ ಲೆಕ್ಕ ಸುಲಭ. 5 ಕಿಲೋಮೀಟರ್‌ನಲ್ಲಿ 400ರ ಹನ್ನೆರಡೂವರೆ ಸುತ್ತು, 10 ಕಿಲೋಮೀಟರ್‌ನಲ್ಲಿ ಇಪ್ಪತ್ತೈದು. ಇತ್ತೀಚಿನ ನಿಮ್ಮ ಓಟದ ಸಮಯವನ್ನು ಸೆಕೆಂಡಿಗೆ ಬದಲಿಸಿ, 12.5ರಿಂದಲೋ 25ರಿಂದಲೋ ಭಾಗಿಸಿ.

5 ಕಿಲೋಮೀಟರನ್ನು 25 ನಿಮಿಷದಲ್ಲಿ ಓಡುವವರಿಗೆ 1,500 ಭಾಗ 12.5, ಎಂದರೆ ಸುತ್ತಿಗೆ 2 ನಿಮಿಷ. 20 ನಿಮಿಷದವರಿಗೆ 96 ಸೆಕೆಂಡು, 30 ನಿಮಿಷದವರಿಗೆ 2:24. ಮೊದಲ ನಾಲ್ಕೈದು ವಾರ ಈ ವೇಗವೂ ಬೇಡ, 10 ಕಿಲೋಮೀಟರ್ ಓಡುವ ವೇಗದಲ್ಲಿ ಓಡಿ. 25 ನಿಮಿಷದವರ 10 ಕಿಲೋಮೀಟರ್ ಸಾಮಾನ್ಯವಾಗಿ 52 ನಿಮಿಷದ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ ಸುತ್ತಿಗೆ 2:05. ಆಮೇಲೆ 5 ಕಿಲೋಮೀಟರ್ ವೇಗಕ್ಕೆ ಬನ್ನಿ. ಅಲ್ಲಿಂದ ಮುಂದೆ ವೇಗ ಹೆಚ್ಚಿಸಬೇಡಿ, ಸಂಖ್ಯೆ ಹೆಚ್ಚಿಸಿ. ಎರಡನ್ನೂ ಒಂದೇ ವಾರದಲ್ಲಿ ಹೆಚ್ಚಿಸುವುದಂತೂ ಬೇಡವೇ ಬೇಡ.

200ಗಳನ್ನು ತುಸು ಜೋರಾಗಿ ಓಡಬಹುದು. 400ಕ್ಕೆ 2 ನಿಮಿಷದವರು 200ನ್ನು 56ರಿಂದ 57 ಸೆಕೆಂಡಿನಲ್ಲಿ ಓಡಿದರೆ ಸಾಕು. ಗುರಿಯಾಗಿಟ್ಟುಕೊಂಡ ಸಮಯವನ್ನಲ್ಲ, ಈಗ ನಿಜವಾಗಿ ಓಡುತ್ತಿರುವ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ. ಮುಂದಿನ ವರ್ಷ ಆಗಬೇಕೆಂದಿರುವ ವೇಗದಲ್ಲಿ ಇಂದು ತರಬೇತಿ ಮಾಡಿದರೆ ಆರನೇ ಸುತ್ತಿಗೇ ಸೋಲುತ್ತೀರಿ.

ನಡುವಿನ 200 ಮೀಟರ್

ಓಟದಷ್ಟೇ ಮುಖ್ಯವಾದದ್ದು ಈ ಜಾಗಿಂಗ್. ಜಾಟೊಪೆಕ್ ಅವರಿಗಿಂತ ಮೊದಲೇ, 1930ರ ದಶಕದಲ್ಲಿ, ಜರ್ಮನಿಯ ಕೋಚ್ ವೊಲ್ಡೆಮಾರ್ ಗೆರ್ಶ್ಲರ್ ಮತ್ತು ಹೃದಯ ತಜ್ಞ ಹರ್ಬರ್ಟ್ ರೈಂಡೆಲ್ ಇಂಟರ್ವಲ್ ತರಬೇತಿಗೆ ಶಿಸ್ತು ತಂದಿದ್ದರು. ಗೆರ್ಶ್ಲರ್ ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1:46.6ಕ್ಕೆ ಓಡಿ ವಿಶ್ವದಾಖಲೆ ಮಾಡಿದರು. ಹೃದಯ ಬಲಗೊಳ್ಳುವುದು ಓಟದಲ್ಲಿ ಮಾತ್ರವಲ್ಲ, ನಡುವಿನ ವಿರಾಮದಲ್ಲೂ ಎಂಬುದು ಗೆರ್ಶ್ಲರ್ ಮತ್ತು ರೈಂಡೆಲ್ ಅವರ ವಾದವಾಗಿತ್ತು. ಓಡಿದಾಗ ನಾಡಿಬಡಿತ ನಿಮಿಷಕ್ಕೆ 180ರ ಸುತ್ತ ಏರಿ, ವಿರಾಮದ 90 ಸೆಕೆಂಡಿನೊಳಗೆ 120ಕ್ಕೆ ಇಳಿಯಬೇಕು. ಇಳಿಯದಿದ್ದರೆ ಓಟ ಅತಿಯಾಯಿತು ಎಂದರ್ಥ.

ಈ ಅಳತೆಯನ್ನು ನೀವೂ ಬಳಸಬಹುದು, ಯಂತ್ರ ಬೇಕಿಲ್ಲ. ಜಾಗಿಂಗ್‌ನ ಕೊನೆಯಲ್ಲಿ ಕತ್ತಿನ ಬದಿಗೆ ಎರಡು ಬೆರಳಿಟ್ಟು 10 ಸೆಕೆಂಡು ಎಣಿಸಿ. 20 ಬಡಿತ ಬಂದರೆ ನಿಮಿಷಕ್ಕೆ 120. ಕುಂಟುತ್ತಾ ಓಡುವಷ್ಟು ನಿಧಾನದ ಜಾಗಿಂಗ್ ಮಾಡುವಾಗ ಬಡಿತ 120ರವರೆಗೆ ಇಳಿಯದೆ 130ರ ಸುತ್ತ ನಿಲ್ಲುವುದುಂಟು. ವಯಸ್ಸಿನಿಂದ ವಯಸ್ಸಿಗೆ, ಒಬ್ಬರಿಂದ ಒಬ್ಬರಿಗೆ ಈ ಅಂಕಿ ಬದಲಾಗುತ್ತದೆ. ಹಾಗಾಗಿ ಒಂದೇ ಅಂಕಿಗೆ ಜೋತುಬೀಳದೆ, ಮೂರನೇ ವಿರಾಮದಲ್ಲಿ ಎಷ್ಟಿತ್ತು, ಎಂಟನೆಯದರಲ್ಲಿ ಎಷ್ಟಾಯಿತು ಎಂದು ಹೋಲಿಸಿ. ಹತ್ತು ಸೆಕೆಂಡಿಗೆ ನಾಲ್ಕು ಬಡಿತ ಹೆಚ್ಚಿದ್ದರೆ ಅಂದಿನ ಕೆಲಸ ಮುಗಿಯಿತು.

200 ಮೀಟರನ್ನು 80ರಿಂದ 95 ಸೆಕೆಂಡಿನಲ್ಲಿ ಮುಗಿಸಿ. ನಿಂತು ಸುಧಾರಿಸಿಕೊಳ್ಳಬಾರದು, ಬಗ್ಗಿ ಮೊಣಕಾಲು ಹಿಡಿಯಬಾರದು. ಕಾಲು ಆಡುತ್ತಿದ್ದರೆ ಸ್ನಾಯುಗಳು ರಕ್ತವನ್ನು ಹೃದಯಕ್ಕೆ ಮೇಲೆ ತಳ್ಳುತ್ತಿರುತ್ತವೆ. ತಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ. ಜಾಗಿಂಗ್ ಆಗದಷ್ಟು ಸುಸ್ತಾಗಿದೆಯೆಂದರೆ ತಪ್ಪು ವಿರಾಮದ್ದಲ್ಲ, ಹಿಂದಿನ 400ರದ್ದು. ಮುಂದಿನದನ್ನು ಮೂರು ಸೆಕೆಂಡು ನಿಧಾನ ಮಾಡಿ.

ಟ್ರ್ಯಾಕ್ ಮೇಲೆ

400 ಮೀಟರ್ ಇರುವುದು ಒಳಗಿನ ಮೊದಲ ಲೇನ್ ಮಾತ್ರ. ಎರಡನೇ ಲೇನ್ ಅದಕ್ಕಿಂತ ಸುಮಾರು 7 ಮೀಟರ್ ಹೆಚ್ಚು ಉದ್ದ. ಜಿಪಿಎಸ್ ಗಡಿಯಾರ ತಿರುವುಗಳಲ್ಲಿ ತಪ್ಪು ದೂರ ತೋರಿಸುತ್ತದೆ, ಆದ್ದರಿಂದ ನೆಲದ ಗೆರೆಯನ್ನೂ ಸ್ಟಾಪ್‌ವಾಚನ್ನೂ ನಂಬಿ. ಜಾಗಿಂಗನ್ನು ಹೊರಗಿನ ಲೇನ್‌ನಲ್ಲಿ ಮಾಡಿ, ಹಿಂದೆ ಬರುವ ವೇಗದ ಓಟಗಾರರಿಗೆ ದಾರಿ ಬಿಡಿ.

ಹೊಸಬರು ಗೊಂದಲಪಡುವ ಜಾಗ ಒಂದಿದೆ. ಗೆರೆಯಿಂದ ಹೊರಟು 400 ಓಡಿದರೆ ಅದೇ ಗೆರೆಗೆ ಬರುತ್ತೀರಿ. ಅಲ್ಲಿಂದ 200 ಜಾಗಿಂಗ್ ಮಾಡಿದರೆ ಎದುರು ಬದಿಗೆ ಹೋಗಿರುತ್ತೀರಿ. ಎರಡನೇ 400 ಶುರುವಾಗುವುದೂ ಮುಗಿಯುವುದೂ ಆ ಎದುರು ಬದಿಯಲ್ಲಿ. ಹೀಗೆ ಬೆಸ ಸಂಖ್ಯೆಯವು ಈ ಬದಿ, ಸರಿ ಸಂಖ್ಯೆಯವು ಆ ಬದಿ. ಎಣಿಕೆ ತಪ್ಪಿದಾಗ ನಿಂತಿರುವ ಜಾಗವೇ ಅರ್ಧ ಉತ್ತರ ಹೇಳುತ್ತದೆ. ಉಳಿದರ್ಧಕ್ಕೆ ಗಡಿಯಾರದ ಲ್ಯಾಪ್ ಗುಂಡಿ ಒತ್ತಿ, ಇಲ್ಲವೇ ಗೆರೆಯ ಹೊರಗೆ ಕಲ್ಲುಗಳನ್ನು ಇಟ್ಟುಕೊಂಡು ಒಂದೊಂದೇ ಸರಿಸಿ. ಟ್ರ್ಯಾಕ್ ಇಲ್ಲದವರು ಸಮತಟ್ಟಾದ ರಸ್ತೆಯಲ್ಲಿ 2 ನಿಮಿಷ ಓಟ, 90 ಸೆಕೆಂಡು ಜಾಗಿಂಗ್ ಎಂದು ಸಮಯದ ಮೇಲೆ ಮಾಡಿದರೂ ಫಲ ಅದೇ.

ಈಗ 25 ನಿಮಿಷದ ಓಟಗಾರರೊಬ್ಬರು 8 ಸಲ 400 ಓಡುವ ದಿನವನ್ನು ಹತ್ತಿರದಿಂದ ನೋಡೋಣ. 15 ನಿಮಿಷ ನಿಧಾನದ ಓಟ. ಕಾಲು ಬೀಸುವುದು, ಮೊಣಕಾಲು ಎತ್ತುವುದು ಐದು ನಿಮಿಷ. 80 ಮೀಟರ್‌ಗಳ ನಾಲ್ಕು ಓಟ, ಮೆಲ್ಲಗೆ ಶುರುವಾಗಿ ವೇಗ ಏರುವಂತೆ. ಬಳಿಕ 57 ಸೆಕೆಂಡಿನ 200 ಎರಡು. ಮೊದಲ 400ರಲ್ಲಿ ಕಾಲು ಹಗುರ, ಮನಸ್ಸು ಬಿಸಿ. 200ರ ಗುರುತಿನಲ್ಲಿ ಗಡಿಯಾರ 54 ತೋರಿಸಿದರೆ ಅಲ್ಲೇ ತಡೆಯಿರಿ, ಅಲ್ಲಿ 61 ಇರಬೇಕು. ಮೊದಲ ಎರಡನ್ನು 2:02ಕ್ಕೆ ಮುಗಿಸಿ. ಮೂರರಿಂದ ಆರು 2:00. ಈ ಹಂತದಲ್ಲಿ ಸುತ್ತು ಮುಗಿದಾಗ ಮೂರ್ನಾಲ್ಕು ಪದ ಆಡಲು ಬರಬೇಕು, ಪೂರ್ತಿ ವಾಕ್ಯ ಬರಬಾರದು. ಏಳನೆಯದರ ಎರಡನೇ ತಿರುವಿನಲ್ಲಿ ಭುಜ ಕಿವಿಯತ್ತ ಏರುತ್ತದೆ, ಮುಷ್ಟಿ ಬಿಗಿಯುತ್ತದೆ, ಹೆಜ್ಜೆ ಉದ್ದವಾಗಿ ಪಾದ ದೇಹದ ಮುಂದೆ ಬೀಳತೊಡಗುತ್ತದೆ. ಆಗ ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಸಡಿಲವಾಗಿ ಇಟ್ಟುಕೊಳ್ಳಿ, ಹೆಜ್ಜೆ ಗಿಡ್ಡ ಮಾಡಿ, ಸಂಖ್ಯೆ ಹೆಚ್ಚಿಸಿ. ಎಂಟನೆಯದು 1:59 ಬಂದರೆ ಚೆನ್ನ. 1:50 ಬಂದರೆ ಉಳಿದ ಏಳನ್ನು ಸರಿಯಾಗಿ ಓಡಿಲ್ಲ ಅಥವಾ ಕೊನೆಯದನ್ನು ಪಂದ್ಯ ಮಾಡಿಕೊಂಡಿದ್ದೀರಿ. ಸತತ ಎರಡು ಸುತ್ತು ಗುರಿಗಿಂತ ಮೂರು ಸೆಕೆಂಡು ಹಿಂದೆ ಬಿದ್ದರೆ, ಎಷ್ಟನೆಯದೇ ಆಗಿರಲಿ, ನಿಲ್ಲಿಸಿ ಮನೆಗೆ ಹೋಗಿ.

ಕೊನೆಗೆ ಎರಡು 200, ಆಮೇಲೆ 10 ನಿಮಿಷ ನಿಧಾನದ ಓಟ. ಒಂದೇ ದಿಕ್ಕಿನಲ್ಲಿ ಸುತ್ತುವುದರಿಂದ ಒಳಗಿನ ಕಾಲಿಗೆ ಬೇರೆ ಬಗೆಯ ಹೊರೆ ಬೀಳುತ್ತದೆ. ಮೈದಾನದಲ್ಲಿ ಅವಕಾಶವಿದ್ದರೆ ಈ ಮೊದಲ, ಕೊನೆಯ ನಿಧಾನದ ಓಟಗಳನ್ನು ವಿರುದ್ಧ ದಿಕ್ಕಿನಲ್ಲಿ ಓಡಿ.

ಹನ್ನೆರಡು ವಾರ

ಇಂಟರ್ವಲ್ ವಾರಕ್ಕೆ ಒಂದೇ ದಿನ. ವೇಗದ ಓಟದ ಒಟ್ಟು ದೂರ ವಾರದ ದೂರದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರಲಿ.

ವಾರ 1, 2: 6 ಸಲ 200 ಮಾತ್ರ.
ವಾರ 3, 4: 2-5-2. ಎಂದರೆ ಎರಡು 200, ಐದು 400, ಎರಡು 200.
ವಾರ 5: 2-6-2.
ವಾರ 6: ಅರ್ಧಕ್ಕೆ ಇಳಿಸಿ, 2-3-0.
ವಾರ 7ರಿಂದ 9: 2-8-2, ಈಗ 5 ಕಿಲೋಮೀಟರ್ ವೇಗದಲ್ಲಿ.
ವಾರ 10, 11: 2-10-2.
ವಾರ 12: 4 ಸಲ 400, ವಾರಾಂತ್ಯದಲ್ಲಿ 5 ಕಿಲೋಮೀಟರ್ ಸ್ಪರ್ಧೆ ಅಥವಾ ಸಮಯದ ಪರೀಕ್ಷೆ.

ವಾರಕ್ಕೆ 30 ಕಿಲೋಮೀಟರ್ ಓಡುವವರು 2-5-2ರಲ್ಲೇ ನಿಲ್ಲಿ, 40 ಕಿಲೋಮೀಟರ್‌ನವರು 2-8-2ರಲ್ಲಿ. 2-10-2 ಎಂದರೆ 4.8 ಕಿಲೋಮೀಟರ್ ವೇಗದ ಓಟ, 50 ಕಿಲೋಮೀಟರ್ ಹತ್ತಿರ ಇರುವವರಿಗೆ ಮಾತ್ರ. ಇಂಟರ್ವಲ್‌ನ ಮಾರನೇ ದಿನ ಅರ್ಧ ಗಂಟೆ ತೀರಾ ನಿಧಾನದ ಓಟ ಅಥವಾ ರಜೆ. ಉದ್ದದ ಓಟಕ್ಕೂ ಇಂಟರ್ವಲ್‌ಗೂ ನಡುವೆ ಎರಡು ದಿನ ಬಿಡಿ.

ಇಂಟರ್ವಲ್ ಒಂದೇ ಸಾಕೆ? ಜಾಟೊಪೆಕ್ ಅವರ ನಂತರದ ಪೀಳಿಗೆಯಲ್ಲಿ ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯಾರ್ಡ್ ವಾರಕ್ಕೆ ನೂರು ಮೈಲಿಯ ದೀರ್ಘ ಓಟವನ್ನು ಬುನಾದಿಯಾಗಿಟ್ಟರು. ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರನ್ನೂ ಮರ್ರೆ ಹಾಲ್ಬರ್ಗ್ 5,000 ಮೀಟರನ್ನೂ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಗೆದ್ದರು. ಸಾಮಾನ್ಯ ಓಟಗಾರರ ಮಟ್ಟಿಗೆ ಲಿಡಿಯಾರ್ಡ್ ಅವರದೇ ಸರಿ: ದಿನನಿತ್ಯದ ಊಟ ನಿಧಾನದ ಓಟವೇ. ಜಾಟೊಪೆಕ್ ಅವರಿಗೆ ಆ ಬುನಾದಿ ಇರಲಿಲ್ಲವೆಂದಲ್ಲ. 40 ಸಲ 400 ಮತ್ತು ನಡುವಿನ ಜಾಗಿಂಗ್ ಸೇರಿದರೆ ದಿನಕ್ಕೆ 24 ಕಿಲೋಮೀಟರ್ ಆಗುತ್ತದೆ. ಅವರು ದೀರ್ಘ ಓಟವನ್ನೇ ತುಂಡು ಮಾಡಿ ಓಡುತ್ತಿದ್ದರು.

ನೋವು ಎಲ್ಲಿ, ಯಾಕೆ

ಕಣಕಾಲಿನ ಮುಂಮೂಳೆಯ ಒಳಅಂಚಿನಲ್ಲಿ ಉದ್ದಕ್ಕೂ ನೋವು: ದೂರ ಅಥವಾ ವೇಗ ಒಮ್ಮೆಲೇ ಏರಿಸಿದ್ದರ ಗುರುತು. ಎರಡು ವಾರ ಇಂಟರ್ವಲ್ ಬಿಡಿ. ನೋವು ಬೆರಳಗಲದ ಒಂದೇ ಜಾಗದಲ್ಲಿದ್ದು, ಒತ್ತಿದರೆ ಚುಚ್ಚುತ್ತಿದ್ದರೆ ಮೂಳೆಯಲ್ಲಿ ಬಿರುಕಿರಬಹುದು. ಓಟ ಪೂರ್ತಿ ನಿಲ್ಲಿಸಿ ವೈದ್ಯರಲ್ಲಿ ತೋರಿಸಿ.

ಹಿಮ್ಮಡಿಯ ಮೇಲಿನ ರಜ್ಜು ಬೆಳಿಗ್ಗೆ ಬಿಗಿಯಾಗಿದ್ದು ನಡೆದಂತೆ ಸಡಿಲವಾಗುತ್ತದೆಯೇ? ತೆಳು ಹಿಮ್ಮಡಿಯ ಶೂ, ಸ್ಪೈಕ್ (ಅಡಿಯಲ್ಲಿ ಮೊಳೆಗಳಿರುವ ಓಟದ ಶೂ) ಹಾಕಿ 200 ಓಡಿದ್ದರಿಂದ ಬರುವುದು ಹೆಚ್ಚು. ಮಾಮೂಲಿ ತರಬೇತಿ ಶೂನಲ್ಲೇ ಓಡಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವ ವ್ಯಾಯಾಮವನ್ನು 15ರಂತೆ ಮೂರು ಸಲ, ನೋವು ಹೆಚ್ಚದ ಮಿತಿಯಲ್ಲಿ ಮಾಡಿ. ತೊಡೆಯ ಹಿಂಭಾಗ ಸೆಳೆದರೆ ಕೊನೆಯ 200ಗಳು ಅತಿ ಜೋರಾದವು ಎಂದು ತಿಳಿಯಿರಿ.

ಅನುಕರಿಸಬಾರದವು

ಜಾಟೊಪೆಕ್ ಸೈನ್ಯದಲ್ಲಿದ್ದಾಗ ಭಾರದ ಬೂಟು ಹಾಕಿ ಓಡುತ್ತಿದ್ದರು. ಭಾರದ ಬೂಟು ಹೆಜ್ಜೆಯ ರೀತಿಯನ್ನೇ ಕೆಡಿಸಿ ಮೊಣಕಾಲಿಗೆ ಹೊಡೆತ ಕೊಡುತ್ತದೆ. ಉಸಿರು ಬಿಗಿಹಿಡಿದು ಮರದಿಂದ ಮರಕ್ಕೆ ನಡೆಯುತ್ತಾ ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದರೆಂಬ ಕಥೆ ಪ್ರಸಿದ್ಧ. ದಯವಿಟ್ಟು ಅದನ್ನು ಮಾಡಿ ನೋಡಬೇಡಿ. ಪತ್ನಿ ಡಾನಾ ಅವರನ್ನು ಹೆಗಲ ಮೇಲೆ ಹೊತ್ತು ಓಡಿದ್ದೇ 1956ರಲ್ಲಿ ಹರ್ನಿಯಾಗೆ ಕಾರಣವಾಯಿತು ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ ಆರನೇ ಸ್ಥಾನ ಪಡೆದರು. ಗೆದ್ದವರು ವರ್ಷಗಟ್ಟಲೆ ಅವರ ಹಿಂದೆಯೇ ಗುರಿ ಮುಟ್ಟುತ್ತಿದ್ದ ಫ್ರಾನ್ಸ್‌ನ ಅಲೇನ್ ಮಿಮೂನ್. (ಡಾನಾ ಹುಟ್ಟಿದ್ದೂ 1922ರ ಸೆಪ್ಟೆಂಬರ್ 19ರಂದೇ. ಹೆಲ್ಸಿಂಕಿಯಲ್ಲಿ ಪತಿ 5,000 ಮೀಟರ್ ಗೆದ್ದ ಮಧ್ಯಾಹ್ನವೇ ಅವರು ಜಾವೆಲಿನ್ ಎಸೆತದಲ್ಲಿ ಚಿನ್ನ ಗೆದ್ದರು.)

ಮುಖ ಹಿಂಡಿ, ತಲೆ ಒಂದು ಬದಿಗೆ ವಾಲಿಸಿ ಓಡುವ ಅವರ ಭಂಗಿಯೂ ಬೇಡ. ಸೊಂಟದಿಂದ ಕೆಳಗೆ ಅವರ ಓಟ ಅಚ್ಚುಕಟ್ಟಾಗಿತ್ತು. ಕಲಿಯುವುದಾದರೆ ಆ ಕಾಲುಗಳಿಂದ ಕಲಿಯಬೇಕು.

ಸ್ಪರ್ಧೆಯ ದಿನಕ್ಕೆ

400ಗಳು ಕೊಡುವ ದೊಡ್ಡ ಲಾಭ ವೇಗದ ಅಂದಾಜು. ಲಂಡನ್ನಿನ 10,000 ಮೀಟರ್‌ನಲ್ಲಿ ಜಾಟೊಪೆಕ್ ಸುತ್ತಿಗೆ 71 ಸೆಕೆಂಡಿನ ಲೆಕ್ಕ ಹಿಡಿದಿದ್ದರು. ವೇಗ ಸರಿಯಿದೆಯೇ ಎಂದು ಪ್ರೇಕ್ಷಕರ ಸಾಲಿನಿಂದ ಬಟ್ಟೆಯ ಸಂಕೇತ ಬರುತ್ತಿತ್ತು. ಅದೇ ಕೂಟದ 5,000 ಮೀಟರ್‌ನಲ್ಲಿ ಮಾತ್ರ ಲೆಕ್ಕ ತಪ್ಪಿತು. ಬೆಲ್ಜಿಯಂನ ಗ್ಯಾಸ್ಟನ್ ರೀಫ್ ಬಹಳ ಮುಂದೆ ಹೋದ ಮೇಲೆ, ಕೊನೆಯ ಸುತ್ತಿನಲ್ಲಿ ಬೆನ್ನಟ್ಟಿ 0.2 ಸೆಕೆಂಡಿನಿಂದ ಸೋತರು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಕೊನೆಯ ಸುತ್ತಿನಲ್ಲಿ ಹಿಂದೆ ಬಿದ್ದರೂ ಮುಂದಿನವರ ಹತ್ತಿರವೇ ಇದ್ದರು, ಕೊನೆಯ ತಿರುವಿನಲ್ಲಿ ಎಲ್ಲರನ್ನೂ ದಾಟಿದರು. ಕೊನೆಯ ಓಟಕ್ಕೆ ಕಾಲು ಉಳಿದಿರಬೇಕು ನಿಜ, ಆದರೆ ದಾಟಬೇಕಾದವರು ಕಣ್ಣಳತೆಯಲ್ಲಿ, ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು. 5 ಕಿಲೋಮೀಟರ್‌ನ ಮೂರನೇ ಮತ್ತು ನಾಲ್ಕನೇ ಕಿಲೋಮೀಟರ್‌ನಲ್ಲಿ ಅಂತರ ಬಿಟ್ಟುಕೊಡದಿರುವುದೇ ನಿಮ್ಮ ಕೆಲಸ. ಮೊದಲ ಕಿಲೋಮೀಟರನ್ನು ಗುರಿಗಿಂತ ಐದು ಸೆಕೆಂಡಿಗೂ ಹೆಚ್ಚು ಬೇಗ ಮುಗಿಸಿದರೆ ಈ ಎರಡರಲ್ಲಿ ಅದನ್ನು ಬಡ್ಡಿಸಹಿತ ತೀರಿಸಬೇಕಾಗುತ್ತದೆ.

ಮ್ಯಾರಥಾನ್‌ಗೂ ಇದೇ ಮಾತು, ಇನ್ನೂ ಕಟ್ಟುನಿಟ್ಟಾಗಿ. ಹೆಲ್ಸಿಂಕಿಯಲ್ಲಿ ಆಗಿನ ಅತ್ಯುತ್ತಮ ಸಮಯದ ಒಡೆಯ ಬ್ರಿಟನ್ನಿನ ಜಿಮ್ ಪೀಟರ್ಸ್ ಆರಂಭದಲ್ಲೇ ಜೋರಾಗಿ ಹೊರಟು ಗುರಿ ಮುಟ್ಟಲಿಲ್ಲ. ಜಾಟೊಪೆಕ್ 2:23:03ಕ್ಕೆ, ಕಿಲೋಮೀಟರಿಗೆ ಸುಮಾರು 3:23ರ ಸರಾಸರಿಯಲ್ಲಿ ಮುಗಿಸಿದರು. 10,000 ಮೀಟರ್‌ನಲ್ಲಿ ಅವರ ಸರಾಸರಿ 2:56 ಇತ್ತು. ಒಂದೇ ವಾರದಲ್ಲಿ, ಅದೇ ಕಾಲುಗಳಲ್ಲಿ, ಕಿಲೋಮೀಟರಿಗೆ 27 ಸೆಕೆಂಡು ನಿಧಾನ. ದೂರ ಹೆಚ್ಚಾದಾಗ ಎಷ್ಟು ತಗ್ಗಿಸಬೇಕು ಎಂಬುದಕ್ಕೆ ಇದನ್ನು ನೆನಪಿಡಿ. 400ಗಳ ವೇಗ ಕಾಲಿಗೆ ರೂಢಿಯಾದವರು ಮ್ಯಾರಥಾನ್‌ನ ಮೊದಲ 5 ಕಿಲೋಮೀಟರ್‌ನಲ್ಲಿ ತಮಗೇ ಅರಿವಿಲ್ಲದೆ ಜೋರಾಗಿಬಿಡುತ್ತಾರೆ.

ಸ್ಪರ್ಧೆಗೆ ಹತ್ತು ದಿನ ಇರುವಾಗ ಕೊನೆಯ ಪೂರ್ತಿ ಇಂಟರ್ವಲ್. ಐದು ದಿನ ಇರುವಾಗ ಸ್ಪರ್ಧೆಯ ವೇಗದಲ್ಲಿ ನಾಲ್ಕು 400. ಐದನೆಯದನ್ನೂ ಓಡಬೇಕೆನಿಸುತ್ತದೆ. ಓಡಬೇಡಿ, ಶೂ ಬಿಚ್ಚಿ.